ಬೇಟೆಯ ಕೋವಿಗಳ ಸಂಗ್ರಹ ಮತ್ತು ಅನುಮೋದನೆಯ ಪ್ರಶ್ನೆ

ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯದೆಂಬುದು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ತಾನೇ ಮಾಡುವುದು, ಪರರಿಂದ ಮಾಡಿಸುವುದು, ಪರರು ಮಾಡಿದುದನ್ನು ಒಪ್ಪಿ ಸಂತೋಷಪಡುವುದು. ಇವುಗಳಲ್ಲಿ ಮೊದಲಿನೆರಡನ್ನು ಗುರುತಿಸುವುದು ಕಷ್ಟವಲ್ಲ. ಮೂರನೆಯದರ ಗಡಿ ಮಾತ್ರ ಸುಲಭವಾಗಿ ಕಾಣದು. ಒಂದು ಆಯುಧವನ್ನು ಕಂಡು, ‘ಆಹಾ, ಎಂತಹ ಕೈಗೆಲಸ!’ ಎಂದು ಮೆಚ್ಚಿದವನು ಹಿಂಸೆಯನ್ನು ಅನುಮೋದಿಸಿದಂತಾಯಿತೇ? ಅಥವಾ ಅದು ಕೇವಲ ಕಲೆಯ ಮೆಚ್ಚುಗೆಯೇ? ಅದನ್ನು ಕೊಂಡು, ಎಂದೂ ಉಪಯೋಗಿಸದೆ, ಗಾಜಿನ ಕಪಾಟಿನಲ್ಲಿಟ್ಟವನಿಗೆ ದೋಷವುಂಟೇ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ವಿಚಾರಕ್ಕೆ ಒಂದು ಸ್ಪಷ್ಟ ನಿದರ್ಶನ ಬೇಕು. ನಮ್ಮ ಮನೆಗಳಿಗೆ ಬಹುದೂರವಾದುದನ್ನೇ ಆರಿಸಿಕೊಂಡರೆ ಅಭಿಮಾನವೂ ಅಡ್ಡ ಬರದು, ಸಂಕೋಚವೂ ಅಡ್ಡ ಬರದು. ಜರ್ಮನಿಯ ಹಳೆಯ ಬಹುನಳಿಗೆಯ ಬೇಟೆಯ ಕೋವಿಗಳು ಅಂತಹ ನಿದರ್ಶನ. ಅವುಗಳನ್ನು ಹುಡುಕಿ, ಕೊಂಡು, ಅಭ್ಯಾಸ ಮಾಡುವ ಸಂಗ್ರಹಕಾರರು ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಇದ್ದಾರೆ.

ಮೊದಲು ವಸ್ತುವಿನ ಪರಿಚಯ. ನಯವಾದ ನಳಿಗೆಯ ಕೋವಿ ಚರೆಗಳನ್ನು ಚೆಲ್ಲುತ್ತದೆ. ಅದು ಹಕ್ಕಿ, ಮೊಲ ಮುಂತಾದ ಸಣ್ಣ ಜೀವಗಳಿಗೆ. ಒಳಗೆ ಸುರುಳಿಗೆರೆಗಳುಳ್ಳ ರೈಫಲ್ ನಳಿಗೆ ಒಂದೇ ಗುಂಡನ್ನು ದೂರಕ್ಕೆ ನೇರವಾಗಿ ಕಳುಹಿಸುತ್ತದೆ. ಅದು ಜಿಂಕೆ, ಕಾಡುಹಂದಿಗಳಿಗೆ. ಜರ್ಮನಿಯ ಬೇಟೆಗಾರನಿಗೆ ಒಂದೇ ದಿನ, ಒಂದೇ ಕಾಡಂಚಿನಲ್ಲಿ, ಮೊಲವೂ ಕಂಡೀತು, ಫೆಸೆಂಟ್ ಹಕ್ಕಿಯೂ ಎದ್ದೀತು, ನರಿಯೂ ಹಾದೀತು, ಜಿಂಕೆಯೂ ನಿಂತೀತು. ಗೊರಸುಳ್ಳ ಮೃಗಗಳ ಮೇಲೆ ಚರೆ ಹಾರಿಸಬಾರದೆಂದು ಅಲ್ಲಿನ ಬೇಟೆಯ ಕಾನೂನು ನಿಷೇಧಿಸಿದೆ. ಚರೆ ತಾಗಿ ಸಾಯದೆ ನರಳುವುದನ್ನು ತಪ್ಪಿಸುವುದು ಅದರ ಉದ್ದೇಶ. ಹೀಗಾಗಿ ಎರಡು ಬಗೆಯ ನಳಿಗೆಗಳನ್ನೂ ಒಂದೇ ಮರದ ಹಿಡಿಗೆ ಕೂಡಿಸಿದ ಕೋವಿ ಅಲ್ಲಿ ಬೆಳೆಯಿತು.

ಮೂರು ನಳಿಗೆಯ ಕೋವಿಗೆ ‘ಡ್ರಿಲ್ಲಿಂಗ್’ ಎಂದು ಹೆಸರು. ಆ ಭಾಷೆಯಲ್ಲಿ ತ್ರಿವಳಿ ಮಕ್ಕಳಲ್ಲಿ ಒಬ್ಬನಿಗೂ ಅದೇ ಶಬ್ದ. ಸಾಮಾನ್ಯವಾಗಿ ಮೇಲೆ ಎರಡು ಚರೆಯ ನಳಿಗೆ, ಕೆಳಗೆ ಒಂದು ರೈಫಲ್ ನಳಿಗೆ. ನಾಲ್ಕು ನಳಿಗೆಯದು ‘ಫಿಯರ್‌ಲಿಂಗ್’. ತುರಿಂಗಿಯಾ ಪ್ರಾಂತದ ಝೂಲ್ ಪಟ್ಟಣ ಈ ಕಸುಬಿನ ತವರು. 1751ರಲ್ಲಿ ಸ್ಥಾಪಿತವಾದ ಜೆ. ಪಿ. ಸೌವರ್ ಸಂಸ್ಥೆಯೂ 1898ರಲ್ಲಿ ಆರಂಭವಾದ ಮೆರ್ಕೆಲ್ ಸಹೋದರರ ಸಂಸ್ಥೆಯೂ ಅಲ್ಲಿಯವು. ಆ ಪಟ್ಟಣದಲ್ಲಿ ಈಗ ಆಯುಧಗಳ ವಸ್ತುಸಂಗ್ರಹಾಲಯವೂ ಇದೆ.

ಈ ಕೋವಿಯ ರಚನೆ ಸಾಮಾನ್ಯವಲ್ಲ. ಮೂರು ನಳಿಗೆಗಳನ್ನು ಬೆಸೆದೂ ಒಟ್ಟು ತೂಕ 3ರಿಂದ 3.5 ಕಿಲೋಗ್ರಾಂ ಆಸುಪಾಸಿನಲ್ಲಿ ನಿಲ್ಲಬೇಕು. ಇರುವ ಟ್ರಿಗರ್ ಎರಡೇ. ಹೆಬ್ಬೆರಳಿನಿಂದ ಒಂದು ಗುಂಡಿಯನ್ನು ಮುಂದಕ್ಕೆ ಜಾರಿಸಿದರೆ ಮುಂದಿನ ಟ್ರಿಗರ್ ಚರೆಯ ನಳಿಗೆಯನ್ನು ಬಿಟ್ಟು ರೈಫಲ್ ನಳಿಗೆಗೆ ಸೇರುತ್ತದೆ. ಹಲವು ಕೋವಿಗಳಲ್ಲಿ ಅದೇ ಕ್ಷಣ ಗುರಿಹಲಗೆಯೂ ತಾನಾಗಿ ಎದ್ದು ನಿಲ್ಲುತ್ತದೆ. ಅಕ್ರೋಟು ಮರದ ಹಿಡಿಕೆಯ ಮೇಲೆ ಎಣ್ಣೆಯ ಹೊಳಪು. ಉಕ್ಕಿನ ಮೇಲೆ ಓಕ್ ಎಲೆಗಳು, ಕೊಂಬು ಹರಡಿ ನಿಂತ ಸಾರಂಗ, ಓಡುವ ಹಂದಿ. ಇವನ್ನೆಲ್ಲ ಕೆತ್ತಿದ ಕೈಗಳ ತಾಳ್ಮೆಯನ್ನು ಅಲ್ಲಗಳೆಯುವುದು ಸತ್ಯವಂತಿಕೆಯಲ್ಲ. 1891ರ ಕಾನೂನಿನಂತೆ ಪ್ರತಿ ಕೋವಿಯನ್ನೂ ಅಧಿಕ ಒತ್ತಡದ ತೋಟಾದಿಂದ ಪರೀಕ್ಷಿಸಿ, ಕಿರೀಟವೂ ಅಕ್ಷರವೂ ಉಳ್ಳ ಮುದ್ರೆಗಳನ್ನು ಒತ್ತುವ ಪದ್ಧತಿ ಬಂದಿತು. ಸಂಗ್ರಹಕಾರನು ಆ ಮುದ್ರೆಗಳನ್ನು ಶಾಸನ ಓದುವವನಂತೆ ಓದುತ್ತಾನೆ.

ಈಗ ಸಂಗ್ರಹಕಾರನ ಪಕ್ಷವನ್ನು ನ್ಯಾಯವಾಗಿ ಕೇಳೋಣ. ಅವನು ಹೇಳುವುದು ಇಷ್ಟು: ‘ನಾನು ಕೊಲ್ಲುವುದಿಲ್ಲ. ಇದು ಹಳೆಯ ವಸ್ತು. ನಾನು ಮೆಚ್ಚುವುದು ಇದರ ಕುಶಲತೆಯನ್ನು, ಕಾಪಾಡುವುದು ಇತಿಹಾಸವನ್ನು. ನನ್ನ ದೋಷವೇನು?’

ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಪ್ರಮಾದಯುಕ್ತ ಯೋಗದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ಉಮಾಸ್ವಾಮಿಗಳ ಅಭಿಪ್ರಾಯ. ಭಾವವೇ ಅಲ್ಲಿ ಪ್ರಧಾನ. ಕೊಲ್ಲುವ ಸಂಕಲ್ಪವೇ ಇಲ್ಲದವನನ್ನು ಸಂಕಲ್ಪೀ ಹಿಂಸಕನೆಂದು ಕರೆಯುವುದು ಅನ್ಯಾಯ. ಕಬ್ಬಿಣದ ತುಂಡು ತಾನಾಗಿ ಪಾಪಿಯೂ ಅಲ್ಲ, ಪುಣ್ಯವಂತನೂ ಅಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವನ್ನು ವಿವರಿಸುವಾಗ ಕತ್ತಿಯ ಜೊತೆಗೆ ಗುದ್ದಲಿಯನ್ನೂ ಬೆಂಕಿಯನ್ನೂ ಎಣಿಸುತ್ತಾರೆ. ಗುದ್ದಲಿಯಿಲ್ಲದೆ ಹೊಲವಿಲ್ಲ, ಬೆಂಕಿಯಿಲ್ಲದೆ ಅಡುಗೆಯಿಲ್ಲ. ಅವರ ನಿಷೇಧವಿರುವುದು ಪ್ರಯೋಜನವಿಲ್ಲದೆ ಇವನ್ನು ಹಂಚುವುದರ ಮೇಲೆ. ಆದ್ದರಿಂದಲೇ ಅದು ಅನರ್ಥದಂಡದಲ್ಲಿ ಸೇರಿತು.

ಹಾಗಾದರೆ ಸಂಗ್ರಹಕಾರನು ನಿರ್ದೋಷಿಯೇ? ಇಲ್ಲಿ ಒಂದು ಪರೀಕ್ಷೆಯನ್ನು ಒಡ್ಡಿ ನೋಡೋಣ. ಆ ಕೋವಿಯ ನಳಿಗೆಗೆ ಒಂದು ತೂತು ಕೊರೆದು, ಅದು ಎಂದೆಂದಿಗೂ ಹಾರದಂತೆ ಮಾಡಿದರೆಂದುಕೊಳ್ಳಿ. ಕೆತ್ತನೆ ಹಾಗೆಯೇ ಇದೆ, ಮರದ ಹೊಳಪು ಹಾಗೆಯೇ ಇದೆ, ಮುದ್ರೆಗಳೂ ಇವೆ. ಆದರೂ ಸಂಗ್ರಹಕಾರನು ವ್ಯಥೆಪಡುತ್ತಾನೆ, ಬೆಲೆಯೂ ಕುಸಿಯುತ್ತದೆ. ಕೊಳ್ಳುವಾಗ ಅವನು ಮೊದಲು ನೋಡುವುದೇ ನಳಿಗೆಯ ಒಳಮೈ ಕನ್ನಡಿಯಂತಿದೆಯೇ, ಬೀಗ ಬಿಗಿಯಾಗಿ ಕೂಡುತ್ತದೆಯೇ ಎಂಬುದನ್ನು.

ಇದಕ್ಕೆ ಅವನಲ್ಲಿ ಉತ್ತರವುಂಟು. ‘ವೀಣೆಯ ತಂತಿ ಕಿತ್ತು, ದಂಡ ಮುರಿದರೆ ವೀಣೆಯ ಸಂಗ್ರಹಕಾರನೂ ಅಳುತ್ತಾನೆ. ಕೃತಿಯ ಪೂರ್ಣತೆ ಕೆಟ್ಟಿತೆಂಬ ದುಃಖವದು; ಕೊಲೆಯ ಆಸೆಯಲ್ಲ.’ ಉತ್ತರ ಪ್ರಾಮಾಣಿಕವಾದುದೇ. ಆದರೆ ಎರಡು ಪೂರ್ಣತೆಗಳೂ ಒಂದೇ ಅಲ್ಲ. ವೀಣೆಯ ಪೂರ್ಣತೆ ನಾದದಲ್ಲಿ ಕೊನೆಗಾಣುತ್ತದೆ. ಈ ಕೋವಿಯ ಪೂರ್ಣತೆ ಇರುವುದು, ಹಕ್ಕಿ ಬಂದರೂ ಮೊಲ ಬಂದರೂ ಹಂದಿ ಬಂದರೂ ಹಿಡಿದವನು ಸಿದ್ಧನಾಗಿರುವನೆಂಬುದರಲ್ಲಿ. ಯಾವ ಜೀವವೂ ತಪ್ಪಿಸಿಕೊಳ್ಳದಿರಲೆಂಬ ಉಪಾಯವೇ ಅದರ ಚೆಲುವು. ವ್ರತವು ದಿಕ್ಕುಗಳಿಗೆ ಎಲ್ಲೆ ಹಾಕುತ್ತದೆ, ವಸ್ತುಗಳಿಗೆ ಲೆಕ್ಕ ಹಾಕುತ್ತದೆ, ಒಂದೊಂದಾಗಿ ಬಾಗಿಲು ಮುಚ್ಚುತ್ತದೆ. ಈ ಯಂತ್ರವು ಎಲ್ಲ ಬಾಗಿಲುಗಳನ್ನೂ ತೆರೆದಿಡಲೆಂದೇ ಹುಟ್ಟಿದುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಧಾರವಾಗುವ ಅಜೀವ ವಸ್ತುಗಳ ಪ್ರಸ್ತಾಪದಲ್ಲಿ ‘ಸಂಯೋಗ’ ಎಂಬುದೊಂದಿದೆ. ಟೀಕಾಕಾರರು ಉಪಕರಣಗಳನ್ನು ಕೂಡಿಸುವುದನ್ನು ಅದರಲ್ಲಿ ಎಣಿಸಿದ್ದಾರೆ. ಅವರ ಮನಸ್ಸಿನಲ್ಲಿದ್ದ ಸಂದರ್ಭ ಬೇರೆ. ಆದರೂ ಉಪಕರಣಗಳನ್ನು ಕೂಡಿಸುವ ಜಾಣತನವೂ ವಿಚಾರಣೆಗೆ ಒಳಪಡಬೇಕಾದುದೇ ಎಂಬ ಎಚ್ಚರವನ್ನು ನಾವು ಅಲ್ಲಿಂದ ಪಡೆಯಬಹುದು.

ಇನ್ನೊಂದು ಅಂಶ. ಶಾಸ್ತ್ರವು ಹೆಸರಿಸುವುದು ಹಿಂಸೋಪಕರಣದ ದಾನವನ್ನು. ಇಟ್ಟುಕೊಳ್ಳುವುದು ದಾನವಲ್ಲವಷ್ಟೆ ಎನ್ನಬಹುದು. ಆದರೆ ಉಕ್ಕಿನ ಆಯುಷ್ಯ ಮನುಷ್ಯನ ಆಯುಷ್ಯಕ್ಕಿಂತ ದೊಡ್ಡದು. ಎರಡನೆಯ ಮಹಾಯುದ್ಧದಲ್ಲಿ, 1941–42ರ ಸುಮಾರಿಗೆ, ಸೌವರ್ ಸಂಸ್ಥೆಯು ಜರ್ಮನ್ ವಾಯುಪಡೆಗೆ ಸುಮಾರು 2,500 ಡ್ರಿಲ್ಲಿಂಗ್‌ಗಳನ್ನು ಮಾಡಿಕೊಟ್ಟಿತು. ಉತ್ತರ ಆಫ್ರಿಕದ ಮರುಭೂಮಿಯಲ್ಲಿ ವಿಮಾನ ಬಿದ್ದರೆ ಸೈನಿಕನು ಬೇಟೆಯಾಡಿ ಬದುಕಲೆಂದು ಅವನ್ನು ಅಲ್ಯೂಮಿನಿಯಂ ಪೆಟ್ಟಿಗೆಗಳಲ್ಲಿ ಇಟ್ಟುಕೊಟ್ಟರು. ಯುದ್ಧ ಮುಗಿಯಿತು, ಆ ಸೈನ್ಯ ಅಳಿಯಿತು. ಕೋವಿಗಳು ಉಳಿದು ಕೈಯಿಂದ ಕೈಗೆ ದಾಟಿದವು. ಇಂದು ಆ ವಾಯುಪಡೆಯ ಮುದ್ರೆಯಿದ್ದರೆ ಬೆಲೆ ಹೆಚ್ಚು. ಸಂಗ್ರಹಕಾರನು ಎಂದೂ ಕೋವಿಯ ಕೊನೆಯ ಒಡೆಯನಲ್ಲ. ಅವನು ಎಣ್ಣೆ ಹಚ್ಚಿ ಕಾಪಾಡಿದ್ದನ್ನು ನಾಳೆ ಕೊಳ್ಳುವವನು ಕಾಡಿಗೆ ಒಯ್ಯಬಹುದು. ಹಾಗೆ ಒಯ್ಯುವವರು ಈಗಲೂ ಇದ್ದಾರೆ. ಆದುದರಿಂದ ಇಂತಹ ಸಂಗ್ರಹವು ತಡವಾಗಿ ಸಲ್ಲುವ ಹಿಂಸಾದಾನವಾಗುವ ಸಂಭವವಿದೆ.

ಮೂರನೆಯದು ಮೂರ್ಛೆ. ಪರಿಗ್ರಹವೆಂದರೆ ವಸ್ತುವಿನ ರಾಶಿಯಲ್ಲ, ವಸ್ತುವಿನಲ್ಲಿಯ ಮೂರ್ಛೆ ಎಂಬುದನ್ನು ನಾವು ಬಲ್ಲೆವು. ವಿರಳತೆಯು ಮೂರ್ಛೆಗೆ ಒಳ್ಳೆಯ ಗೊಬ್ಬರ. ಮೂರು ನಳಿಗೆಯದು ದೊರೆತವನಿಗೆ ನಾಲ್ಕರದು ಬೇಕು. ಸಾಮಾನ್ಯ ಅಳತೆಯದು ಇದ್ದವನಿಗೆ ಅಪರೂಪದ ಅಳತೆಯದು ಬೇಕು. ಜರ್ಮನಿಯ ಈಗಿನ ಆಯುಧ ಕಾನೂನು ಕೂಡ ಸಂಗ್ರಹಕಾರನಿಗೆ ಅನುಮತಿ ಕೊಡುವಾಗ ಅದು ಸಾಂಸ್ಕೃತಿಕವಾಗಿ, ಐತಿಹಾಸಿಕವಾಗಿ ಮಹತ್ತ್ವವುಳ್ಳ ಸಂಗ್ರಹವಾಗಿರಬೇಕೆನ್ನುತ್ತದೆ. ರಾಜ್ಯವೇ ಒಂದು ಪರಿಮಾಣವನ್ನು ಕೇಳುವಲ್ಲಿ, ಮನಸ್ಸು ತನಗೆ ತಾನೇ ಪರಿಮಾಣ ಹಾಕಿಕೊಳ್ಳದಿರುವುದು ವಿಚಿತ್ರ.

ಬೇಟೆಗಾರರಲ್ಲಿಯೂ ಮೃದುತ್ವವಿಲ್ಲವೆನ್ನಲಾಗದು. ಕೊಂದ ಮೃಗದ ಬಾಯಿಗೆ ಒಂದು ಹಸಿರು ರೆಂಬೆಯನ್ನು ಕೊನೆಯ ತುತ್ತೆಂದು ಇಡುವ ಸಂಪ್ರದಾಯ ಜರ್ಮನಿಯಲ್ಲಿದೆ. ಕೊಂದವನ ಮನಸ್ಸಿನಲ್ಲಿಯೂ ಜೀವವು ದೊಡ್ಡದೆಂಬ ಅರಿವಿನ ಒಂದು ಎಳೆ ಉಳಿದಿದೆಯೆಂದು ಅದು ತೋರಿಸುತ್ತದೆ. ಆ ಅರಿವು ಕೊಲ್ಲುವುದಕ್ಕೆ ಮೊದಲೇ ಬಂದಿದ್ದರೆ ಆ ಜೀವ ಉಳಿಯುತ್ತಿತ್ತು. ಕಪಾಟಿನ ಮುಂದೆ ನಿಂತ ಸಂಗ್ರಹಕಾರನಿಗೆ ಅಂತಹ ನೆನಪನ್ನು ತರುವ ರೆಂಬೆಯೂ ಇಲ್ಲ. ಅವನೆದುರಿಗಿರುವುದು ಉಕ್ಕಿನಲ್ಲಿ ಕೆತ್ತಿದ ಸುಂದರ ಸಾರಂಗ ಮಾತ್ರ.

ಆದುದರಿಂದ ನಿರ್ಣಯವನ್ನು ಹೀಗೆ ಹೇಳಬಹುದು. ಕೋವಿಯ ಕುಶಲತೆಯನ್ನು ಮೆಚ್ಚುವುದು ತಾನಾಗಿ ಹಿಂಸೆಯ ಅನುಮೋದನೆಯಲ್ಲ. ಅದರ ಪ್ರಯೋಜನವನ್ನು ಮರೆತು ಮೆಚ್ಚುವುದು ಪ್ರಮಾದ. ಆ ಪ್ರಯೋಜನವೇ ಕೆಡದಿರಲೆಂದು ಬಯಸುವುದು ಅನುಮೋದನೆಯ ಹೊಸ್ತಿಲು. ಝೂಲ್ ಪಟ್ಟಣದಲ್ಲಿರುವಂತಹ ಸಾರ್ವಜನಿಕ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಿ, ಇದನ್ನು ಮಾಡಿದ ಕೈ ದೊಡ್ಡದು, ಮಾಡಿಸಿದ ಉದ್ದೇಶ ದುಃಖಕರವಾದುದು ಎಂದು ಎರಡನ್ನೂ ಒಟ್ಟಿಗೆ ಹೇಳಬಲ್ಲವನು ಅನೇಕಾಂತ ದೃಷ್ಟಿಯನ್ನು ಕೆಡಿಸಿಕೊಂಡವನಲ್ಲ. ಅಣುವ್ರತಿಯಾದವನಿಗೆ ಮಾತ್ರ ಅದನ್ನು ಮನೆಯಲ್ಲಿ ಕೂಡಿಡುವುದು ತಕ್ಕುದಲ್ಲ. ನೋಡಿ ತಿಳಿಯುವುದಕ್ಕೆ ಒಡೆತನ ಬೇಕಾಗಿಲ್ಲ.

ಈ ಲೇಖನವನ್ನು ಓದುವ ಯಾರ ಮನೆಯಲ್ಲಿಯೂ ಡ್ರಿಲ್ಲಿಂಗ್ ಇರಲಾರದು. ಆದರೆ ಬಿಗಿದ ರೇಷ್ಮೆಗೂಡುಗಳನ್ನು ಕುದಿಸಿ ತೆಗೆದ ಎಳೆಯ ಸೀರೆ ಇರಬಹುದು. ದಂತದ ಪೆಟ್ಟಿಗೆ ಇರಬಹುದು. ಗೋಡೆಯ ಮೇಲೆ ಹಿರಿಯರ ಕಾಲದ ಕತ್ತಿ ಇರಬಹುದು. ಅವನ್ನು ಮುಟ್ಟುವಾಗಲೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ನಾನು ಮೆಚ್ಚುತ್ತಿರುವುದು ಯಾವುದನ್ನು, ಮರೆಯುತ್ತಿರುವುದು ಯಾವುದನ್ನು? ಅಷ್ಟಮಿ, ಚತುರ್ದಶಿಗಳಂದು ಆಹಾರವನ್ನು ಬಿಟ್ಟು ಕುಳಿತಾಗ ಮನಸ್ಸು ಯಾವ ಕಪಾಟಿನ ಸುತ್ತ ಸುಳಿಯುತ್ತದೆಂಬುದನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ. ಧರ್ಮಬಂಧುಗಳೂ ಭಗಿನಿಯರೂ ಈ ವಿಷಯವನ್ನು ತಮ್ಮ ತಮ್ಮ ಮನೆಗಳಲ್ಲಿ ಚರ್ಚಿಸಿ ವಿವೇಚಿಸಬೇಕೆಂದು ಪ್ರಾರ್ಥನೆ.