ಜ್ವರದವರು ಹೋಗುವ ಗೇಟಿನಲ್ಲೇ

ಮಂಗಳೂರಿನ ಅತ್ತಾವರದಲ್ಲಿ ಬೆಳೆದವರಿಗೆ ಎರಡು ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ: ಯಾವ ರೈಲು ಎಷ್ಟು ಹೊತ್ತಿಗೆ, ಕೆಎಂಸಿಯಲ್ಲಿ ಯಾವ ಡಾಕ್ಟರು ಯಾವ ದಿನ. 1907ರಲ್ಲಿ ಶುರುವಾದ, ಈಗ ಮಂಗಳೂರು ಸೆಂಟ್ರಲ್ ಎನ್ನಿಸಿಕೊಂಡಿರುವ ನಿಲ್ದಾಣ ಒಂದು ಕಡೆ. ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಅಂದರೆ ಕೆಎಂಸಿ. ಕಾಸರಗೋಡು, ಕುಂಬಳೆ, ಮಂಜೇಶ್ವರದವರು ಬೆಳಗ್ಗಿನ ಗಾಡಿಯಲ್ಲಿ ಎಕ್ಸ್‌ರೇ ಕವರು ಹಿಡಿದು ಬಂದಿಳಿಯುತ್ತಾರೆ. 2020ರ ಲಾಕ್‌ಡೌನಿನಲ್ಲಿ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ಅವರು ಪಟ್ಟ ಪಾಡು ನೆನಪಿದ್ದವರಿಗೆ ಈ ಊರಿನ ಆಸ್ಪತ್ರೆಗಳ ಬೆಲೆ ಗೊತ್ತು.

ಆ ಆಸ್ಪತ್ರೆಯಲ್ಲಿ ಚರ್ಮ, ಕಣ್ಣು, ಮೂಳೆಗಳಿಗೆ ಇರುವ ಹಾಗೆ ಮನಸ್ಸಿಗೂ ಒಂದು ವಿಭಾಗ ಇದೆ. ಜ್ವರದವರು ಹೋಗುವ ಗೇಟಿನಲ್ಲೇ ಹೋಗುವುದು, ಅವರ ಸಾಲಿನಲ್ಲೇ ನಿಂತು ಚೀಟಿ ಮಾಡಿಸುವುದು. ಈ ಸಣ್ಣ ಏರ್ಪಾಡು ನಮ್ಮೂರಿನ ಎಷ್ಟೋ ಸಂಸಾರಗಳನ್ನು ಉಳಿಸಿದೆ ಎಂದು ನಾನು ನಂಬಿದ್ದೇನೆ.

ನಮ್ಮ ಕಡೆಯ ಹಿರಿಯರೊಬ್ಬರು ವರ್ಷಗಟ್ಟಲೆ ಅಲ್ಲಿಗೆ ಹೋಗಿ ಬರುತ್ತಿದ್ದರು. ದಾರಿಯಲ್ಲಿ ಯಾರಾದರೂ ಸಿಕ್ಕಿ "ಎಲ್ಲಿಗೆ ಹೊರಟದ್ದು?" ಎಂದರೆ "ಕೆಎಂಸಿಗೆ ಮಾರಾಯ್ತಿ, ಈ ಗ್ಯಾಸ್ಟ್ರಿಕ್ಕಿನ ಉಪದ್ರ" ಎನ್ನುತ್ತಿದ್ದರು. ಮನೆಯೊಳಗೆ ಅಲ್ಲಿ ಕೊಟ್ಟ ಮದ್ದಿಗೆ "ನರದ ಮಾತ್ರೆ" ಎಂದು ಹೆಸರು. ಹೆಣ್ಣುಮಕ್ಕಳಿಗೆ ಸಂಬಂಧ ಕುದುರುವ ತನಕ ಆ ಮಾತ್ರೆ ಅಕ್ಕಿ ಡಬ್ಬದ ಹಿಂದೆ ಇತ್ತು. ಅವರ ಸುಳ್ಳನ್ನು ನಾನು ಹಂಗಿಸಲಾರೆ. ಅದರ ಮರೆಯಲ್ಲಿ ಚಿಕಿತ್ಸೆ ನಡೆಯಿತು. ಅವರು ನೀರುದೋಸೆ ಹೊಯ್ದರು, ನವರಾತ್ರಿಗೆ ಮಂಗಳಾದೇವಿಗೆ ಹೋದರು, ಸೊಸೆಯ ಜೊತೆ ಜಗಳವನ್ನೂ ಆಡಿದರು. ಊರ ಹೊರಗಿನ ಎತ್ತರದ ಗೋಡೆಯ ಮಾನಸಿಕ ಆಸ್ಪತ್ರೆಗೇ ಹೋಗಬೇಕಾಗಿದ್ದರೆ ಹೊಸ್ತಿಲು ದಾಟುತ್ತಿರಲಿಲ್ಲ.

ಆದರೆ ಅಡಗಿಸಿ ಇಟ್ಟ ಮಾತ್ರೆ ಮುಗಿದಾಗ "ತಂದುಕೊಡು" ಎಂದು ಯಾರಿಗೂ ಹೇಳುವಂತಿಲ್ಲ. ಖಿನ್ನತೆಯ ಮಾತ್ರೆ ಗುಣ ತೋರಿಸಲು ಎರಡು ಮೂರು ವಾರವಾದರೂ ಬೇಕು. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಅದಕ್ಕೂ ಮೊದಲೇ ಶುರು. ಪಕ್ಕದಲ್ಲಿ ಕೂತು "ಇನ್ನು ಸ್ವಲ್ಪ ದಿನ ನೋಡುವ" ಎನ್ನುವವರು ಇಲ್ಲದಿದ್ದರೆ ಮನುಷ್ಯ ಅಲ್ಲೇ ಕೈಬಿಡುತ್ತಾನೆ. ಇನ್ನು ಕೆಲವರು ಸುಧಾರಿಸಿದ ಕೂಡಲೇ ತಾವೇ ನಿಲ್ಲಿಸಿ, ಮತ್ತೆ ಮಲಗುತ್ತಾರೆ.

ಸಾಮಾನ್ಯ ಆಸ್ಪತ್ರೆಯಲ್ಲೇ ಮನೋರೋಗಕ್ಕೂ ಮದ್ದು ಕೊಡುವುದು ಎಲ್ಲರಿಗೂ ಒಂದೇ ಸಲ ಹೊಳೆದದ್ದಲ್ಲ. 1933ರಲ್ಲಿ ಕಲ್ಕತ್ತದಲ್ಲಿ ಮನೋವೈದ್ಯ ಗಿರೀಂದ್ರಶೇಖರ ಬೋಸ್ ಅಂಥದೊಂದು ವಿಭಾಗ ತೆರೆದರು. ನಮ್ಮ ದೇಶದಲ್ಲಿ ಅದೇ ಮೊದಲು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಮ್ಮ ನಿಮ್ಹಾನ್ಸ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 1970ರ ದಶಕದಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಮನೋರೋಗ ಗುರುತಿಸಲು ಕಲಿಸಿದರು. ಕೆಮ್ಮಿಗೆ ಮದ್ದು ಕೊಡುವವರೇ ಇದಕ್ಕೂ ಕೊಡಲಿ ಎಂಬ ಲೆಕ್ಕ. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆಲ್ಲ ಹಬ್ಬತೊಡಗಿತು. ಕರ್ನಾಟಕದವರು ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬೇಕು. ಐಟಿ, ಮಸಾಲೆದೋಸೆಗಳ ವಿಷಯದಲ್ಲಿ ನಮಗೆ ಸಂಕೋಚವೇನೂ ಇಲ್ಲವಲ್ಲ!

ಇಷ್ಟಾದರೂ, ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಸುಮಾರು ಹತ್ತು ಮಂದಿಗೆ ಏನಾದರೊಂದು ಮಾನಸಿಕ ತೊಂದರೆ ಕಂಡುಬಂತು. ಅಂಥವರಲ್ಲಿ ಚಿಕಿತ್ಸೆ ಸಿಗದವರು, ಕಾಯಿಲೆಗೆ ತಕ್ಕಂತೆ, ಶೇಕಡಾ 70ರಿಂದ 92. ಆಸ್ಪತ್ರೆಗಳ ಕೊರತೆಯಿಂದಲೇ ಇಷ್ಟು ದೊಡ್ಡ ಸಂಖ್ಯೆ ಹುಟ್ಟುವುದಿಲ್ಲ. ತುಳುನಾಡಿನಲ್ಲಿ ಹುಡುಗ ಮಂಕಾಗಿ ಕೂತರೆ ಮೊದಲು ಜ್ಯೋತಿಷಿಯಲ್ಲಿ ಪ್ರಶ್ನೆ ಇಡುತ್ತಾರೆ, ಕುಲೆಯ (ಪ್ರೇತದ) ಉಪದ್ರವೋ ಎಂದು ನೋಡುತ್ತಾರೆ. ದೈವದ ಅಭಯದ ನುಡಿ ಕೇಳಿ ಎದೆ ಹಗುರ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ, ಅದನ್ನು ಅಲ್ಲಗಳೆಯುವುದಿಲ್ಲ. ನುಡಿಯೂ ಇರಲಿ, ಮದ್ದೂ ಇರಲಿ. ಪರಿಹಾರ ಮಾಡಿಸುತ್ತಾ ವರ್ಷ ಕಳೆಯುವುದಕ್ಕೆ ಮಾತ್ರ ನನ್ನ ತಕರಾರು.

ಕುಂದಾಪುರದ ಆಚೆಯ ಪಡುಕೋಣೆ ಮೂಲದ ಮನೆತನದ ನಟಿ ದೀಪಿಕಾ 2015ರಲ್ಲಿ ತನಗೆ ಖಿನ್ನತೆ ಇತ್ತೆಂದು ಬಹಿರಂಗವಾಗಿ ಹೇಳಿದಾಗ "ಅಷ್ಟು ದುಡ್ಡಿದ್ದವಳಿಗೆ ಏನು ಮಂಡೆಬಿಸಿ?" ಎಂದವರು ನಮ್ಮಲ್ಲೇ ಇದ್ದರು. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ತಾಯಿ. ಮಗಳ ಅಳು ಎಂದಿನ ಅಳುವಿನಂತಿಲ್ಲ ಎಂದು ಗುರುತಿಸಿ, ವೈದ್ಯರ ಸಹಾಯ ಬೇಕು ಎಂದದ್ದು ಅವರು. ಮಗಳು ಅಲ್ಲಿಗೇ ಬಿಡದೆ ಒಂದು ಪ್ರತಿಷ್ಠಾನ ಕಟ್ಟಿದರು. ಅದರ ಗ್ರಾಮೀಣ ಕೆಲಸ 2016ರಲ್ಲಿ ಆರಂಭವಾದದ್ದು ದಾವಣಗೆರೆ ಜಿಲ್ಲೆಯಲ್ಲಿ.

ಹೊರದೇಶದಲ್ಲಿರುವ ನಮಗೆ ಆ ತಾಯಿಯ ಕಣ್ಣು ಫೋನಿನ ಪರದೆಯಷ್ಟೇ ದೊಡ್ಡದು. ಭಾನುವಾರದ ವಿಡಿಯೋ ಕಾಲಿನಲ್ಲಿ ಅತ್ತಾವರದ ಫ್ಲ್ಯಾಟಿನಿಂದ ಅಪ್ಪ "ನಾವು ಆರಾಮ" ಎನ್ನುತ್ತಾರೆ. ಎರಡು ತಿಂಗಳಿಂದ ಸರಿಯಾಗಿ ನಿದ್ರೆ ಇಲ್ಲದ್ದನ್ನು ಹೇಳುವುದಿಲ್ಲ. ನಾವೂ "ಇಲ್ಲೂ ಆರಾಮ" ಎನ್ನುತ್ತೇವೆ. ಕೆಲಸ ಹೋಗಿ, ಅಮೆರಿಕದ ಎಚ್‌-1ಬಿ ವೀಸಾದವರಿಗೆ ಸಿಗುವ 60 ದಿನಗಳ ಗಡುವು ಓಡುತ್ತಿರುವುದನ್ನು ಹೇಳುವುದಿಲ್ಲ. ಬಾಣಂತನಕ್ಕೆಂದು ಬಂದ ಅಮ್ಮ ಕಾರು ಓಡಿಸಲು ಬಾರದೆ, ಮಾತಿಗೆ ನೆರೆಯವರಿಲ್ಲದೆ, ಕಿಟಕಿಯಾಚೆಯ ಹಿಮ ನೋಡುತ್ತಾ ಚಳಿಗಾಲ ಕಳೆಯುತ್ತಾರೆ. ಹೆತ್ತ ಮಗಳಿಗೆ ಮಗುವನ್ನು ಎತ್ತಿಕೊಳ್ಳುವ ಮನಸ್ಸೇ ಬಾರದಿದ್ದರೆ ಅದನ್ನೂ ಸೋಮಾರಿತನದ ಲೆಕ್ಕಕ್ಕೆ ಹಾಕುತ್ತೇವೆ. ಹೆರಿಗೆಯ ನಂತರದ ಖಿನ್ನತೆ ಚಿಕಿತ್ಸೆ ಇರುವ ಕಾಯಿಲೆ.

"ಆರಾಮ" ಎಂದವರನ್ನು ಇನ್ನೊಂದು ಪ್ರಶ್ನೆ ಕೇಳಬೇಕು: ನಿದ್ರೆ ಬರುತ್ತದಾ, ಊಟ ಸೇರುತ್ತದಾ, ಸಂಜೆ ಯಾರ ಜೊತೆ ಮಾತಾಡಿದಿರಿ. "ಬೇಜಾರೋ" ಎಂದು ಕೇಳಿದರೆ "ಛೆ, ಇಲ್ಲಪ್ಪ" ಎನ್ನುವವರೇ ನಿದ್ರೆಯ ಸುದ್ದಿ ಬಂದರೆ ಬಾಯಿ ಬಿಡುತ್ತಾರೆ. ಚಿಕಿತ್ಸೆಗೆ ವಿಮೆ ಇಲ್ಲ ಎಂಬ ನೆಪವೂ ಈಗ ನಡೆಯದು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಭಾರತದ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು.

ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ನನ್ನದೊಂದು ವಿನಂತಿ. ಬೇರೆ ದಿನ ಬೇರೆ ಸಭಾಂಗಣದಲ್ಲಿ "ಮಾನಸಿಕ ಆರೋಗ್ಯ ಶಿಬಿರ" ಎಂದು ಬ್ಯಾನರು ಕಟ್ಟಬೇಡಿ, ಯಾರೂ ಬರುವುದಿಲ್ಲ. ರಾಜ್ಯೋತ್ಸವದ ದಿನ ಬಿಪಿ, ಶುಗರ್ ನೋಡುವ ಮೇಜು ಹಾಕುತ್ತೇವಲ್ಲ, ಅದರ ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕಿ, ನಮ್ಮಲ್ಲಿರುವ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕೂರಿಸಿ. ಓದುಗರು ಊರಿನಲ್ಲಿರುವ ಹಿರಿಯರ ಫೋನಿನಲ್ಲಿ 14416 ಎಂಬ ನಂಬರನ್ನು ಇವತ್ತೇ ಸೇರಿಸಲು ಹೇಳಲಿ. ಅದು 2022ರ ಅಕ್ಟೋಬರಿನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಮೆರಿಕದಲ್ಲಿರುವವರಿಗೆ ಇಂಥದೇ ನಂಬರು 988.