ಹಾರ್ವಿ ಮಿಲ್ಕ್ ಸತ್ತು ಗೆದ್ದವರಲ್ಲ

ಬೆಂಗಳೂರಿನ ಒಂದು ಸ್ಮರಣೆಯ ಸಭೆಯಲ್ಲಿ ಹಿರಿಯರೊಬ್ಬರು ಆಡಿದ ಮಾತು ನನ್ನನ್ನು ಇನ್ನೂ ಕೆರಳಿಸುತ್ತದೆ. ಸಾನ್ ಫ್ರಾನ್ಸಿಸ್ಕೋದ ಹಾರ್ವಿ ಮಿಲ್ಕ್ ಅವರನ್ನು ಗಾಂಧಿಯ ಪಕ್ಕದಲ್ಲಿ ನಿಲ್ಲಿಸಿ, ಇಬ್ಬರೂ ಸತ್ತು ಗೆದ್ದರು, ಬದುಕಿದ್ದಾಗ ಆಗದ್ದನ್ನು ಅವರ ಸಾವು ಮಾಡಿತು ಎಂದರು. ಸಭೆ ಚಪ್ಪಾಳೆ ತಟ್ಟಿತು. ಮಾತಿನಲ್ಲಿ ಗೌರವವಿತ್ತು, ಕಣ್ಣೀರೂ ಇತ್ತು. ಆದರೂ ಅದು ತಪ್ಪು ಮಾತು, ಅಪಾಯದ ಮಾತು. ಕೊಂದವನಿಗೆ ಅದು ಗೊತ್ತಿಲ್ಲದೆಯೇ ಒಂದು ಪಾಲು ಪುಣ್ಯ ಕೊಡುತ್ತದೆ.

ಮಿಲ್ಕ್ ಬದುಕಿದ್ದಾಗ ಏನು ಮಾಡಿದರು ಎಂದು ಆ ಸಭೆಯಲ್ಲಿ ಯಾರೂ ಹೇಳಲಿಲ್ಲ. ನ್ಯೂಯಾರ್ಕ್ ಕಡೆಯವರು, ನೌಕಾಪಡೆಯಲ್ಲಿದ್ದವರು, ಷೇರುಪೇಟೆಯಲ್ಲಿ ದುಡಿದವರು. ಸಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟು ರಾಜಕೀಯಕ್ಕೆ ಇಳಿದರು. 1973, 1975, 1976, ಮೂರು ಚುನಾವಣೆ ಸೋತರು. ನಗರದ ಕ್ಷೇತ್ರಗಳನ್ನು ಬಿಡಿಬಿಡಿಯಾಗಿ ವಿಂಗಡಿಸಿದ ಮೇಲೆ 1977ರಲ್ಲಿ ಗೆದ್ದು ನಗರದ ಆಡಳಿತ ಮಂಡಳಿಗೆ ಹೋದರು. ತಾನು ಸಲಿಂಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿ ಗೆದ್ದವರು ಆಗ ಆ ದೇಶದಲ್ಲಿ ಬೆರಳೆಣಿಕೆಯಷ್ಟು. ಕೋರ್ಸ್ ಬಿಯರ್ ವಿರುದ್ಧ ಲಾರಿ ಚಾಲಕರ ಸಂಘ ಬಹಿಷ್ಕಾರ ಹೂಡಿದಾಗ ಸಲಿಂಗಿಗಳ ಬಾರುಗಳಲ್ಲಿ ಆ ಬಿಯರ್ ನಿಲ್ಲಿಸಿದರು. ಬದಲಿಗೆ ಸಲಿಂಗಿಗಳಿಗೂ ಚಾಲಕರ ಕೆಲಸ ಕೊಡಿ ಎಂದು ಕೇಳಿದರು. ಮಂಡಳಿಯಲ್ಲಿ ಕೆಲಸಕ್ಕೂ ಮನೆ ಬಾಡಿಗೆಗೂ ತಾರತಮ್ಯ ಕೂಡದು ಎಂಬ ಕಾನೂನನ್ನು ಹತ್ತಕ್ಕೆ ಒಂದು ಮತದಿಂದ ಪಾಸು ಮಾಡಿಸಿದರು. ಬೀದಿಯಲ್ಲಿ ನಾಯಿ ಗಲೀಜು ಮಾಡಿದರೆ ಸಾಕಿದವರೇ ಎತ್ತಬೇಕು ಎಂಬ ಕಾನೂನನ್ನೂ ತಂದರು. ಅದು ಸಣ್ಣ ಕೆಲಸ ಎಂದು ನಾನು ಹೇಳಲಾರೆ. ಬೀದಿಯಲ್ಲಿ ಕಾಲಿಡುವ ಎಲ್ಲರನ್ನೂ ಒಬ್ಬ ಸಲಿಂಗಿ ಪ್ರತಿನಿಧಿಸುತ್ತಾನೆ ಎಂಬುದನ್ನು ಅದು ತೋರಿಸಿತು. ಮಂಡಳಿಯಲ್ಲಿ ಮಾಡಿದ್ದೆಲ್ಲ ಅಧಿಕಾರ ಹಿಡಿದ ಹನ್ನೊಂದೇ ತಿಂಗಳ ಕೆಲಸ.

1978ರ ನವೆಂಬರ್ 27ರಂದು ಡ್ಯಾನ್ ವೈಟ್ ಎಂಬ ಮಾಜಿ ಸಹಸದಸ್ಯ ಲೋಹಶೋಧಕವನ್ನು ತಪ್ಪಿಸಲು ಕಿಟಕಿಯಿಂದ ನಗರಭವನದೊಳಗೆ ನುಗ್ಗಿ, ಮೇಯರ್ ಜಾರ್ಜ್ ಮೊಸ್ಕೋನಿಯನ್ನು ಕೊಂದು, ಮತ್ತೆ ಗುಂಡು ತುಂಬಿಕೊಂಡು ಹೋಗಿ ಮಿಲ್ಕ್ ಅವರನ್ನು ಕೊಂದ. ತಾರತಮ್ಯ ಕೂಡದು ಎಂಬ ಆ ಕಾನೂನಿಗೆ ವಿರುದ್ಧ ಬಿದ್ದ ಒಂದೇ ಮತ ಅವನದು.

ಹುತಾತ್ಮರ ರಕ್ತವೇ ಬೀಜ ಎಂಬ ಕ್ರೈಸ್ತ ಪರಂಪರೆಯ ಮಾತು ನನಗೆ ಗೊತ್ತು. ಅದರಲ್ಲಿ ನನಗೆ ಆಸಕ್ತಿಯಿಲ್ಲ. ಹಿಂಸೆಯೇ ದಮನಿತರಿಗೆ ಮೈಚಳಿ ಬಿಡಿಸುತ್ತದೆ ಎನ್ನುವವರ ಪುಸ್ತಕಗಳನ್ನೂ ಓದಿ ಬದಿಗಿಟ್ಟಿದ್ದೇನೆ. ನಾನು ಜಗಳವಾಡಬೇಕಾದದ್ದು ಗಾಂಧಿಯೊಂದಿಗೇ. ಆ ಹಿರಿಯರ ಮಾತಿನ ಬೇರು ಅಲ್ಲಿದೆ. ಬೇರೊಬ್ಬರನ್ನು ನೋಯಿಸದೆ ತಾನೇ ನೋವುಂಡು ಹಕ್ಕು ಪಡೆಯುವುದು ಸತ್ಯಾಗ್ರಹ ಎಂದು 1909ರ ‘ಹಿಂದ್ ಸ್ವರಾಜ್’ ಹೇಳುತ್ತದೆ. ನೋವುಂಡವನನ್ನು ಕಂಡು ಎದುರಾಳಿಯ ಮನಸ್ಸು ಕರಗುತ್ತದೆ, ಕಲ್ಲು ಮನಸ್ಸೂ ಕರಗುತ್ತದೆ ಎಂಬುದು ಗಾಂಧಿ ಬದುಕಿನುದ್ದಕ್ಕೂ ಬಿಡದ ನಂಬಿಕೆ.

ಹಾಗಾದರೆ ಸಾನ್ ಫ್ರಾನ್ಸಿಸ್ಕೋದ ನ್ಯಾಯಾಲಯದಲ್ಲಿ ಯಾರ ಮನಸ್ಸು ಯಾರಿಗಾಗಿ ಕರಗಿತು? ವೈಟ್‌ನ ತಪ್ಪೊಪ್ಪಿಗೆಯ ಧ್ವನಿಮುದ್ರಣ ಕೇಳಿ ಜ್ಯೂರಿಯಲ್ಲಿ ಕೂತವರು ಅತ್ತರು. ಅತ್ತದ್ದು ಸತ್ತ ಇಬ್ಬರಿಗಾಗಿ ಅಲ್ಲ, ಕೊಂದವನಿಗಾಗಿ. ಅವನು ಹಿಂದೆ ಪೊಲೀಸ್ ಆಗಿದ್ದವನು, ಅಗ್ನಿಶಾಮಕ ದಳದಲ್ಲಿದ್ದವನು, ಸಂಸಾರವಂತ, ಸಾಲದ ಒತ್ತಡದಲ್ಲಿದ್ದವನು. ತಮ್ಮ ಮನೆಯ ಹುಡುಗನಂತೆ ಅವರಿಗೆ ಕಂಡ. 1979ರ ಮೇ 21ರಂದು ಕೊಲೆಯ ಆರೋಪವನ್ನು ಕೈಬಿಟ್ಟು ಅದಕ್ಕಿಂತ ಕಡಿಮೆ ದರ್ಜೆಯ ನರಹತ್ಯೆ ಎಂದು ತೀರ್ಪು ಕೊಟ್ಟರು. ಶಿಕ್ಷೆ ಏಳು ವರ್ಷ ಎಂಟು ತಿಂಗಳು. ಐದು ವರ್ಷ ಕಳೆದದ್ದೇ ಹೊರಬಂದ.

ನೋವು ತಾನಾಗಿ ಮಾತಾಡುವುದಿಲ್ಲ. ಯಾರನ್ನು ನಾವು ಮೊದಲೇ ನಮ್ಮವರೆಂದು ಬಲ್ಲೆವೋ ಅವರ ನೋವಷ್ಟೇ ನಮಗೆ ಕೇಳುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಸೋದರಮಾವ ಸಾಗರದ ಕಡೆ ಮೇಷ್ಟರಾಗಿದ್ದರು, ಮದುವೆಯಾಗಲಿಲ್ಲ. ಅವರ ಮನೆಯಲ್ಲಿ ಅವರ ‘ಸ್ನೇಹಿತರು’ ಇದ್ದರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಮುದುಕರಾದರು. ಊರಿಗೆ ಗೊತ್ತಿತ್ತು, ಯಾರೂ ಆಡಲಿಲ್ಲ. ಅದನ್ನೇ ಎಲ್ಲರೂ ಔದಾರ್ಯ ಎಂದುಕೊಂಡಿದ್ದರು. ಮಾವ ತೀರಿಕೊಂಡಾಗ ಬಂದವರೆಲ್ಲ ಅಮ್ಮನ ಕೈ ಹಿಡಿದು ಸಮಾಧಾನ ಹೇಳಿದರು. ಆ ಮನುಷ್ಯ ಜಗಲಿಯ ತುದಿಯಲ್ಲಿ ನಿಂತಿದ್ದರು. ವೈಕುಂಠ ಸಮಾರಾಧನೆಯ ದಿನ ಕೊನೆಯ ಪಂಕ್ತಿಯಲ್ಲಿ ಉಂಡು ಹೋದರು. ಅವರ ಹತ್ತಿರ ಯಾರೂ ಹೋಗಲಿಲ್ಲ. ಕೆಟ್ಟ ಜನರಲ್ಲ ಅವರೆಲ್ಲ. ಆ ಸ್ನೇಹಿತರದು ಹೆಂಡತಿ ಸತ್ತ ಗಂಡನ, ಗಂಡ ಸತ್ತ ಹೆಂಡತಿಯ ದುಃಖ ಎಂದು ತಿಳಿಯಲು ಬೇಕಾದ ಒಂದು ಮಾತು ಆ ಮನೆಯಲ್ಲಿ ಯಾವತ್ತೂ ಹೊರಬಿದ್ದಿರಲಿಲ್ಲ, ಅಷ್ಟೆ.

ಮಿಲ್ಕ್ ಕೇಳಿದ್ದು ಆ ಮಾತನ್ನೇ. ಸಲಿಂಗಿಗಳನ್ನೂ ಅವರನ್ನು ಬೆಂಬಲಿಸುವವರನ್ನೂ ಸರ್ಕಾರಿ ಶಾಲೆಗಳಿಂದ ಹೊರಹಾಕಲು ಸೆನೆಟರ್ ಜಾನ್ ಬ್ರಿಗ್ಸ್ ತಂದ ಆರನೇ ಪ್ರಸ್ತಾವದ ವಿರುದ್ಧ ಅವರು ಕ್ಯಾಲಿಫೋರ್ನಿಯಾ ಸುತ್ತಿದರು. ಅಪ್ಪ ಅಮ್ಮನಿಗೆ ಹೇಳಿ, ಗೆಳೆಯರಿಗೆ ಹೇಳಿ, ಅಂಗಡಿಯವರಿಗೆ, ನೆರೆಮನೆಯವರಿಗೆ ಹೇಳಿ ಎಂದು ಬೇಡಿಕೊಂಡರು. 1978ರ ನವೆಂಬರ್ 7ರಂದು ಪ್ರಸ್ತಾವ ಹತ್ತು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಬಿದ್ದುಹೋಯಿತು. ಸಾಯಲು ಇನ್ನೂ ಇಪ್ಪತ್ತು ದಿನಗಳಿದ್ದವು. ದೊಡ್ಡ ಗೆಲುವನ್ನು ಅವರು ಬದುಕಿದ್ದೇ ಗೆದ್ದರು.

ನಮ್ಮಲ್ಲೂ ಆದದ್ದು ಹೀಗೆಯೇ. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಮತ್ತೆ ಊರ್ಜಿತಗೊಳಿಸುವಾಗ ಇಂಥವರು ಜನಸಂಖ್ಯೆಯ ಅತ್ಯಲ್ಪ ಭಾಗ ಎಂದಿತ್ತು. 2016ರಲ್ಲಿ ನರ್ತಕ ನವತೇಜ್ ಜೋಹರ್ ಮತ್ತು ಇತರರು ತಮ್ಮದೇ ಹೆಸರಿನಲ್ಲಿ, ನಾವೇ ಆ ಜನ ಎಂದು ಅರ್ಜಿ ಹಾಕಿದರು. ಬೆಂಗಳೂರಿನಿಂದ ಅಕ್ಕಯ್ ಪದ್ಮಶಾಲಿಯವರೂ ಕೋರ್ಟಿಗೆ ಹೋದರು. 2018ರ ಸೆಪ್ಟೆಂಬರ್ 6ರಂದು ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಾಯಿತು.

ಇಲ್ಲಿ ಗಾಂಧಿಗೆ ಒಂದಿಷ್ಟು ನೆಲ ಬಿಟ್ಟುಕೊಡಬೇಕು. ಗಾಂಧಿಯೂ ಕತ್ತಲಲ್ಲಿ ನೋವುಣ್ಣಿ ಎಂದವರಲ್ಲ. ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ 1930ರ ಮಾರ್ಚ್‌ನಲ್ಲಿ ವೈಸರಾಯ್‌ಗೆ ಪತ್ರ ಬರೆದು, ಏನು ಮಾಡುತ್ತೇನೆ ಎಂದು ಮೊದಲೇ ತಿಳಿಸಿದರು. ಗುಟ್ಟು ಅವರಿಗೆ ಹಿಂಸೆಯ ನಂಟು. ಅದೇ ಚಳವಳಿಯಲ್ಲಿ, ಧಾರಾಸನದಲ್ಲಿ ಸತ್ಯಾಗ್ರಹಿಗಳು ಸಾಲುಸಾಲಾಗಿ ಲಾಠಿ ತಿಂದಾಗ ಹೊಡೆದವರ ಕೈ ನಿಲ್ಲಲಿಲ್ಲ. ವೆಬ್ ಮಿಲ್ಲರ್ ಎಂಬ ಪತ್ರಕರ್ತ ಕಂಡದ್ದನ್ನು ಬರೆದ ಮೇಲೆ ಲೋಕ ತಿರುಗಿ ನೋಡಿತು. ಹಾಗಾದರೆ ಮಿಲ್ಕ್ ಹೇಳಿದ್ದು ಗಾಂಧಿಯ ಮಾತಿನ ಇನ್ನೊಂದು ಮುಖವೇ? ಅರ್ಧ ಹೌದು. ಇನ್ನರ್ಧ ಅಲ್ಲ. ಗಾಂಧಿಯ ಸತ್ಯಾಗ್ರಹಿ ಆಸೆಯನ್ನು ಸುಟ್ಟುಕೊಂಡು, ಬ್ರಹ್ಮಚರ್ಯದಿಂದ ಶುದ್ಧನಾಗಿ ಎದುರಾಳಿಯ ಮುಂದೆ ನಿಲ್ಲಬೇಕು. ಮಿಲ್ಕ್ ತಮ್ಮ ಆಸೆಯೊಂದಿಗೇ, ತಾವು ಪ್ರೀತಿಸಿದವನ ತೋಳು ಹಿಡಿದು ಕ್ಯಾಸ್ಟ್ರೋದಿಂದ ನಗರಭವನಕ್ಕೆ ನಡೆದು ಪ್ರಮಾಣವಚನ ತೆಗೆದುಕೊಂಡರು. ನಾನು ಶುದ್ಧನಾಗಿದ್ದೇನೆ, ಕರುಣಿಸಿ ಎಂದು ಅವರು ಕೇಳಲಿಲ್ಲ. ಇದ್ದೇನೆ ಎಂದರು. ಅಹಿಂಸೆಗೆ ಅಷ್ಟು ಸಾಕು ಎಂದು ನನ್ನ ವಾದ.

ಸಾಕೇ? ಡ್ಯಾನ್ ವೈಟ್‌ಗೆ ಮಿಲ್ಕ್ ಅಪರಿಚಿತರಲ್ಲ. ಮೊದಮೊದಲು ಇಬ್ಬರಿಗೂ ಹೊಂದಾಣಿಕೆಯಿತ್ತು. ವೈಟ್ ತನ್ನ ಮಗುವಿನ ದೀಕ್ಷಾಸ್ನಾನಕ್ಕೆ ಮಿಲ್ಕ್ ಅವರನ್ನು ಕರೆದ, ಅವರು ಹೋದರು. ಆಮೇಲೆ ತನ್ನ ಕ್ಷೇತ್ರದಲ್ಲಿ ಬೇಡವೆಂದಿದ್ದ ಯುವಜನರ ಚಿಕಿತ್ಸಾ ಕೇಂದ್ರಕ್ಕೆ ಮಿಲ್ಕ್ ಮತ ಹಾಕಿದರೆಂದು ಮುನಿದ. ಅವನು ಹುದ್ದೆ ಬಿಟ್ಟು, ಮತ್ತೆ ಬೇಕೆಂದಾಗ ಕೊಡಬೇಡಿ ಎಂದು ಮೇಯರ್‌ಗೆ ಹೇಳಿದವರಲ್ಲಿ ಮಿಲ್ಕ್ ಒಬ್ಬರು. ಪರಿಚಯವೇ ಮದ್ದು ಎಂಬ ನನ್ನ ಮಾತಿಗೆ ಇದು ಬಿದ್ದ ಪೆಟ್ಟು. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಕಿರಿಯ ಸಹೋದ್ಯೋಗಿಯೊಬ್ಬರು ತಾವು ಸಲಿಂಗಿ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಾಗ ಎಲ್ಲರಿಗಿಂತ ಕ್ರೂರವಾಗಿ ನಡೆದುಕೊಂಡವರು ಅವರ ಜೊತೆ ದಿನಾ ಬುತ್ತಿ ಹಂಚಿಕೊಂಡವರೇ. ದೂರದವರು ಎರಡು ದಿನದಲ್ಲಿ ಮರೆತರು. ಹತ್ತಿರದವರು ಮೋಸಹೋದೆವು ಎಂದುಕೊಂಡರು.

ಇನ್ನೊಂದು ಪೆಟ್ಟು ಮಿಲ್ಕ್ ಅವರಿಂದಲೇ ಬಂದದ್ದು. 1975ರಲ್ಲಿ ಅಧ್ಯಕ್ಷ ಫೋರ್ಡ್ ಮೇಲೆ ಗುಂಡು ಹಾರಿಸಿದ ಹೆಂಗಸಿನ ಕೈ ತಳ್ಳಿ ಜೀವ ಉಳಿಸಿದ ಆಲಿವರ್ ಸಿಪಲ್ ಎಂಬ ಮಾಜಿ ಯೋಧ ಸಲಿಂಗಿಯಾಗಿದ್ದ. ಅದನ್ನು ಅವನು ಮನೆಯವರಿಂದ ಮುಚ್ಚಿಟ್ಟಿದ್ದ. ಸಲಿಂಗಿಗಳೂ ವೀರರೇ ಎಂದು ದೇಶಕ್ಕೆ ತಿಳಿಯಲಿ ಎಂದು ಮಿಲ್ಕ್ ಪತ್ರಿಕೆಯ ಅಂಕಣಕಾರನಿಗೆ ಸುಳಿವು ಕೊಟ್ಟರು. ಸಿಪಲ್‌ನ ಹೆತ್ತವರು ಅವನನ್ನು ದೂರ ಮಾಡಿದರು. ಇನ್ನೊಬ್ಬನ ಬಾಗಿಲನ್ನು ಅವನ ಒಪ್ಪಿಗೆಯಿಲ್ಲದೆ ತೆರೆಯುವುದು ಅಹಿಂಸೆಯಲ್ಲ. ಗಾಂಧಿಯ ಸೂತ್ರದಲ್ಲಿ ಈ ತಪ್ಪಿಗೆ ಎಡೆಯಿಲ್ಲ. ಅಲ್ಲಿ ಬೆಲೆ ತೆರುವವನು ಯಾವಾಗಲೂ ತಾನೇ. ಈ ಒಂದು ವಿಷಯದಲ್ಲಿ ಗಾಂಧಿ ಸರಿ, ಮಿಲ್ಕ್ ತಪ್ಪು.

ಇನ್ನು ಎರಡು ರಾತ್ರಿಗಳ ಮಾತು. ಕೊಲೆಯಾದ ದಿನ ಹತ್ತಾರು ಸಾವಿರ ಜನ ಮೇಣದಬತ್ತಿ ಹಿಡಿದು ಕ್ಯಾಸ್ಟ್ರೋದಿಂದ ನಗರಭವನಕ್ಕೆ ನಡೆದರು, ಒಂದು ಕಲ್ಲೂ ಬೀಳಲಿಲ್ಲ. ಆರು ತಿಂಗಳ ನಂತರ ತೀರ್ಪಿನ ರಾತ್ರಿ ಅದೇ ನಗರಭವನದ ಗಾಜುಗಳು ಒಡೆದವು, ಪೊಲೀಸ್ ಕಾರುಗಳು ಸಾಲಾಗಿ ಉರಿದವು. ಆಮೇಲೆ ಪೊಲೀಸರು ಕ್ಯಾಸ್ಟ್ರೋದ ಎಲಿಫೆಂಟ್ ವಾಕ್ ಬಾರಿಗೆ ನುಗ್ಗಿ ಕೂತವರನ್ನು ಬಡಿದರು. ಮಿಲ್ಕ್ ಜಾಗಕ್ಕೆ ಬಂದ ಹ್ಯಾರಿ ಬ್ರಿಟ್ ಆ ರಾತ್ರಿಗಾಗಿ ಕ್ಷಮೆ ಕೇಳಲು ಒಪ್ಪಲಿಲ್ಲ. ಗಾಂಧಿಯಾಗಿದ್ದರೆ ಚೌರಿಚೌರಾದ ಹಿಂಸೆಯ ನಂತರ 1922ರಲ್ಲಿ ಮಾಡಿದಂತೆ ಚಳವಳಿಯನ್ನೇ ನಿಲ್ಲಿಸುತ್ತಿದ್ದರು. ಮಿಲ್ಕ್ ಇದ್ದಿದ್ದರೆ? 1977ರ ಜೂನ್‌ನಲ್ಲಿ ಮಯಾಮಿಯ ಸಲಿಂಗಿ ಹಕ್ಕಿನ ಕಾನೂನು ರದ್ದಾದ ರಾತ್ರಿ ಕೆರಳಿದ ಗುಂಪನ್ನು ಅವರು ಮೈಲುಗಟ್ಟಲೆ ನಡೆಸಿ ಸಿಟ್ಟು ಇಳಿಸಿದ್ದರು. ತನ್ನನ್ನು ಕೊಂದರೆ ಕೇಳಿಸಿ ಎಂದು ಮಾಡಿಟ್ಟ ಧ್ವನಿಮುದ್ರಣದಲ್ಲೂ, ಸಿಟ್ಟು ಬರುವುದನ್ನು ತಡೆಯಲಾರೆ, ಆದರೆ ಅದನ್ನು ಪ್ರತಿಭಟನೆಗೆ ಸುರಿಯದೆ ಬಚ್ಚಿಟ್ಟುಕೊಂಡವರೆಲ್ಲ ಹೊರಬರಲು ಬಳಸಿ ಎಂಬ ಅರ್ಥದಲ್ಲಿ ಕೇಳಿಕೊಂಡಿದ್ದರು. ಆದರೂ ಕಾರು ಸುಟ್ಟವರನ್ನು ಖಂಡಿಸುವ ಅಧಿಕಾರ ನನಗಿದೆಯೇ ಎಂದು ಯೋಚಿಸಿದಾಗಲೆಲ್ಲ ಜಗಲಿಯ ತುದಿಯಲ್ಲಿ ನಿಂತ ಆ ಮಂಡಿಯ ಲೆಕ್ಕಿಗರು ನೆನಪಾಗುತ್ತಾರೆ. ಅವರು ಒಂದು ದಿನವೂ ಕೂಗಲಿಲ್ಲ. ಅವರ ಸೌಮ್ಯತೆಯನ್ನು ಅಹಿಂಸೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಕಾರು ಸುಟ್ಟದ್ದನ್ನು ಸರಿ ಎನ್ನಲೂ ಬರುವುದಿಲ್ಲ. ಇವೆರಡರ ನಡುವೆ ಗೆರೆ ಎಲ್ಲಿದೆ ಎಂದು ಈ ಬರಹ ತೋರಿಸಬೇಕಿತ್ತು. ನನಗೆ ಅದು ಕಾಣುತ್ತಿಲ್ಲ.

ಸಭೆ ನಡೆಸುವವರಲ್ಲಿ ಒಂದು ಕೋರಿಕೆ ಮಾತ್ರ ಇಡಬಲ್ಲೆ. ತೀರ್ಪಿನ ಮರುದಿನ, 1979ರ ಮೇ 22, ಮಿಲ್ಕ್ ಅವರ 49ನೇ ಹುಟ್ಟುಹಬ್ಬವಾಗಿತ್ತು. ಹಿಂದಿನ ರಾತ್ರಿಯ ಗಾಯ ಆರದಿದ್ದರೂ ಸಾವಿರಾರು ಜನ ಕ್ಯಾಸ್ಟ್ರೋ ಬೀದಿಯಲ್ಲಿ ಸೇರಿ ಶಾಂತಿಯಿಂದ ಹಾಡಿ ಕುಣಿದರು. ಕ್ಯಾಲಿಫೋರ್ನಿಯಾ ಇವತ್ತಿಗೂ ಅವರ ದಿನವನ್ನು ಆಚರಿಸುವುದು ಮೇ 22ರಂದೇ. ನೀವೂ ಅಂದೇ ಸಭೆ ಮಾಡಿ, ಗುಂಡಿನ ವರ್ಣನೆ ಬಿಡಿ, ಅವರು ಗೆದ್ದ ಮತಗಳ ಬಗ್ಗೆ, ತಂದ ಕಾನೂನುಗಳ ಬಗ್ಗೆ ಮಾತಾಡಿ, ಸಿಪಲ್‌ನ ಹೆಸರನ್ನೂ ಹೇಳಿ.