ಹಾಡಿನ ಖರ್ಚು ಯಾವ ಖಾತೆಗೆ?

ಮನೆಯ ಲೆಕ್ಕದ ಪುಸ್ತಕದಲ್ಲಿ ಅಕ್ಕಿ, ಬೇಳೆ, ಹಾಲು, ಶಾಲೆಯ ಫೀಸು ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಸಂತೋಷಕ್ಕೆ ಮಾತ್ರ ಸಾಲಿಲ್ಲ. ಅದು 'ಇತರೆ' ಎಂಬ ಕೊನೆಯ ಸಾಲಿನಲ್ಲಿ ಮುದುಡಿ ಕುಳಿತಿರುತ್ತದೆ. ಕೈ ಬಿಗಿಯಾದ ತಿಂಗಳು ಮೊದಲು ಅಳಿಸಿಹೋಗುವುದೂ ಅದೇ. ದುಡ್ಡು ಸಾಲದಾಗ ಯಾವುದನ್ನು ಅವಶ್ಯಕ ಎನ್ನಬೇಕು, ಯಾವುದನ್ನು ಶೋಕಿ ಎನ್ನಬೇಕು? ಇದು ತತ್ತ್ವಜ್ಞಾನಿಗಳಿಗೆ ಮೀಸಲಾದ ಪ್ರಶ್ನೆಯಲ್ಲ. ತಿಂಗಳಿಗೊಮ್ಮೆ ಪೆನ್ನು ಹಿಡಿದು ನಾವೆಲ್ಲ ಉತ್ತರಿಸುವ ಪ್ರಶ್ನೆಯೇ.

ನಮ್ಮ ಪಕ್ಕದ ಮನೆಯಾಕೆಗೆ ಇದು ಲಾರಿಯ ರೂಪದಲ್ಲಿ ಬಂತು. ಅವರದು ಒಂದೇ ಲಾರಿಯ ಸಂಸಾರ. ಗಂಡನೇ ಮಾಲೀಕ, ಗಂಡನೇ ಡ್ರೈವರು. ಲೆಕ್ಕ ಮಾತ್ರ ಈಕೆಯದು. ಲಾರಿಗೂ ವಯಸ್ಸಾಗಿದೆ. ಅದರಲ್ಲಿದ್ದ ಕ್ಯಾಸೆಟ್ ಪ್ಲೇಯರಿನ ಬೆಲ್ಟು ಸಡಿಲವಾಗಿ ಮೊದಲು ಹಾಡು ಎಳೆದೆಳೆದು ಬರತೊಡಗಿತು. ಆಮೇಲೆ ಟೇಪು ಸುತ್ತಿಕೊಂಡು ನುಂಗತೊಡಗಿತು. ಕೊನೆಗೆ ಮೌನವಾಯಿತು. ಹೊಸ ಸ್ಟೀರಿಯೋ ಹಾಕಿಸಬೇಕೆಂದು ಗಂಡ ಕೇಳಿದ್ದು ಒಂದೇ ಸಲ. ಟೈರಿಗೆ, ಇನ್ಶೂರೆನ್ಸಿಗೆ, ಎಫ್‌ಸಿಗೆ ದುಡ್ಡು ಕೊಡುವಾಗ ಮನೆಯಲ್ಲಿ ಯಾರೂ ಕಾರಣ ಕೇಳಿರಲಿಲ್ಲ. ಹಾಡಿನ ಮಾತು ಬಂದಾಗ ಅತ್ತೆ ಕೇಳಿದರು: "ಹಾಡು ಹಾಕಿದ್ರೆ ಲಾರಿ ಡೀಸೆಲ್ ಕಮ್ಮಿ ಕುಡೀತದೇನು?"

ಇದಕ್ಕೆ ನಮ್ಮ ಬಳಿ ಸಿದ್ಧ ಉತ್ತರವೊಂದಿದೆ. "ಹಾಡಿದ್ದರೆ ಡ್ರೈವರಿಗೆ ನಿದ್ದೆ ಬರುವುದಿಲ್ಲ" ಎನ್ನುತ್ತೇವೆ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಅದು ಪೂರ್ತಿ ನಿಜವೂ ಅಲ್ಲ. ದಣಿದ ಮೈಗೆ ನಿದ್ದೆಯ ಬದಲು ನಿದ್ದೆಯೇ ಬೇಕು, ಹಾಡು ಸಾಲದು. ಹಿಂದಿನವನ ಹಾರ್ನ್ ಕೇಳಿಸದಷ್ಟು ಜೋರಾದರೆ ಹಾಡೇ ಅಪಾಯ. ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ದುಡಿಯುವವನ ಸಂತೋಷಕ್ಕೆ ಯಾಕೆ ನಾವು ಸದಾ ಒಂದು ಉಪಯೋಗದ ಸರ್ಟಿಫಿಕೇಟು ಕೇಳುತ್ತೇವೆ? ಹಾಡಿನಿಂದ ಲಾರಿಗೆ ಲಾಭವಿದ್ದರೆ ಮಾತ್ರ ಅವನು ಹಾಡು ಕೇಳಬಹುದು ಎಂದರೆ, ಅವನನ್ನೂ ಲಾರಿಯ ಒಂದು ಬಿಡಿಭಾಗ ಎಂದಂತಾಗಲಿಲ್ಲವೇ?

ನಮ್ಮ ದೇಶ ಈ ಮಾತನ್ನು ನಿಧಾನವಾಗಿ ಕಲಿತಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಯಾದೊಡನೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಬರೆದಿಟ್ಟಿತು. ಆದರೆ ಬೇಸಿಗೆಯಲ್ಲಿ ಕುದಿಯುವ ಕ್ಯಾಬಿನ್ನಿಗೆ ಏ.ಸಿ. ಕಡ್ಡಾಯವಾಗಲು 2025ರ ಅಕ್ಟೋಬರ್ 1 ಬರಬೇಕಾಯಿತು. ಅದೂ ಅಂದಿನಿಂದ ತಯಾರಾಗುವ ಮೂರೂವರೆ ಟನ್ನು ಮೀರಿದ ಲಾರಿಗಳಿಗೆ ಮಾತ್ರ. ಹಳೆಯ ಲಾರಿಗಳಲ್ಲಿ ಕುಳಿತವರಿಗೆ ಕಿಟಕಿಯ ಬಿಸಿಗಾಳಿಯೇ ಗತಿ. ಸರಕು ಕೆಡಬಾರದೆಂದು ಟಾರ್ಪಾಲು ಹೊದಿಸುವ ನಮಗೆ, ಅದನ್ನು ಹೊತ್ತೊಯ್ಯುವವನ ನೆನಪು ಬರುವುದು ಎಷ್ಟು ತಡ!

ಪಕ್ಕದ ಮನೆಯಾಕೆ ಅತ್ತೆಯೊಡನೆ ವಾದಿಸಲಿಲ್ಲ. ಒಟ್ಟು 3,500 ರೂಪಾಯಿ ದಾಟಬಾರದೆಂದು ಮನಸ್ಸಿನಲ್ಲೇ ಗೆರೆ ಎಳೆದು, ಗಂಡನ ಜೊತೆ ತಾನೇ ಅಂಗಡಿಗೆ ಹೋದಳು. ಟಿ.ವಿ.ಯಂಥ ಪರದೆಯಿದ್ದ ಸೆಟ್ಟು ಬೇಡವೆಂದಳು. ಹಳೆಯ ಸ್ಪೀಕರುಗಳನ್ನು ಬಿಚ್ಚಿಸಿ ನೋಡಿದರೆ ಅವುಗಳ ಕಾಗದ ಹರಿದಿರಲಿಲ್ಲ. ಅವೇ ಇರಲಿ ಎಂದಳು. ಹಾಡು ತುಂಬಿದ ಪೆನ್‌ಡ್ರೈವ್ ಸಿಕ್ಕಿಸುವ, ರೇಡಿಯೋ ಇರುವ ಸಾದಾ ಸೆಟ್ಟೊಂದನ್ನು ಆರಿಸಿದಳು. ಇನ್ನೂ ಸ್ವಲ್ಪ ಉಳಿಯಲೆಂದು ಕೇಳಿದಳು: "ಕನ್ವರ್ಟರ್ ಬಿಟ್ಟು ಹಾಗೇ ಕೊಟ್ಟರೆ ಆಗೋದಿಲ್ವಾ?"

ಎಲೆಕ್ಟ್ರಿಷಿಯನ್ ಆಗ ಹೇಳಿದ ಮಾತನ್ನು ಆಕೆ ನನಗೆ ಬಂದು ಹೇಳಿದಳು. ಆ ಲಾರಿಯದು 24 ವೋಲ್ಟಿನ ವ್ಯವಸ್ಥೆ. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಬಾಲಕ್ಕೊಂದು ಜೋಡಿಸಿರುತ್ತಾರೆ. ಸ್ಟೀರಿಯೋಗೆ ಬೇಕಾದದ್ದು 12 ಮಾತ್ರ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಬೇಕು. ಅದರ ದುಡ್ಡು ಉಳಿಸಲೆಂದು ಕೆಲವರು ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರು ಎಳೆದುಬಿಡುತ್ತಾರೆ. ಹಾಡೇನೋ ಬರುತ್ತದೆ. ಆದರೆ ಆ ಒಂದು ಬ್ಯಾಟರಿ ದಿನದಿನವೂ ಸೊರಗುತ್ತದೆ. ಇನ್ನೊಂದಕ್ಕೆ ಬೇಡದಷ್ಟು ಚಾರ್ಜು ಹರಿದು ಅದರ ನೀರು ಆರುತ್ತದೆ. "ಅಕ್ಕಾ, ಒಂದ್ರಿಂದಾನೇ ಎಳೀತಾ ಹೋದ್ರೆ ಕೊನೆಗೆ ಎರಡೂ ಕೆಡ್ತವೆ" ಎಂದನಂತೆ. ಆಕೆ ಕನ್ವರ್ಟರಿಗೆ ದುಡ್ಡು ಕೊಟ್ಟಳು. ಗೆರೆಯೊಳಗೇ ಕೆಲಸ ಮುಗಿಯಿತು.

ಈ ಮಾತು ಕೇಳಿದಾಗ ನನಗೆ ಲಾರಿಗಿಂತ ನಮ್ಮ ಮನೆಗಳೇ ನೆನಪಾದವು. ಅಲ್ಲಿಯೂ ಉಳಿತಾಯದ ವೈರನ್ನು ಒಂದೇ ಬ್ಯಾಟರಿಯಿಂದ ಎಳೆದಿರುತ್ತಾರೆ. ಅಮ್ಮನ ಕನ್ನಡಕ ಮುಂದಿನ ತಿಂಗಳಿಗೆ, ಹೆಂಡತಿಯ ಚಪ್ಪಲಿ ಹಬ್ಬಕ್ಕೆ, ದೂರ ಹೋಗಿ ದುಡಿಯುವವನ ಹಾಡು ಯಾವತ್ತಿಗೋ. "ನನಗೇನೂ ಬೇಡ" ಎನ್ನುವವರು ಇರುವತನಕ ಸಂಸಾರ ಅಗ್ಗವಾಗಿ ಸಾಗುತ್ತದೆ. ಕೊಟ್ಟವರು ಸೊರಗುತ್ತಾರೆ, ಕೇಳದೆಯೇ ಪಡೆದವರು ಹದ ತಪ್ಪುತ್ತಾರೆ. ಇದನ್ನು ನಾವು ತ್ಯಾಗ ಎಂದು ಹೊಗಳುವುದೂ ಉಂಟು. ತ್ಯಾಗ ತಾನಾಗಿ ಬಂದರೆ ದೊಡ್ಡದು, ನಿಜ. ಒಬ್ಬರ ಪಾಲಿಗೇ ಪ್ರತಿ ತಿಂಗಳೂ ಬಂದರೆ ಅದು ಲೆಕ್ಕದ ತಪ್ಪು.

ಹಾಗೆಂದು ಕೇಳಿದ್ದೆಲ್ಲ ಕೊಡಲು ಯಾರ ಕೈಯಲ್ಲಿದೆ? ಪರದೆ ಬೇಡವೆನ್ನಲೇಬೇಕು, ಹಳೆಯ ಸ್ಪೀಕರು ನಡೆಯಲೇಬೇಕು. ಆದರೆ ಮಿತವ್ಯಯಕ್ಕೂ ಜಿಪುಣತನಕ್ಕೂ ಅಂತರವಿದೆ. ಮಿತವ್ಯಯ ವಸ್ತುವಿನ ಆಡಂಬರವನ್ನು ಕಡಿಮೆ ಮಾಡುತ್ತದೆ. ಜಿಪುಣತನ ಮನುಷ್ಯನ ಪಾಲನ್ನೇ ಕಡಿಮೆ ಮಾಡುತ್ತದೆ. ಮುಂದಿನ ತಿಂಗಳ ಲೆಕ್ಕ ಬರೆಯುವಾಗ, ಎಷ್ಟು ಉಳಿಯಿತು ಎಂದು ಕೂಡಿಸುವ ಮೊದಲು ಯಾರಿಂದ ಉಳಿಯಿತು ಎಂದು ಒಮ್ಮೆ ನೋಡಬಾರದೇ? ಒಂದೇ ಹೆಸರು ಮತ್ತೆ ಮತ್ತೆ ಕಂಡರೆ, ಅದು ನಮ್ಮದೇ ಹೆಸರಾಗಿದ್ದರೂ ಸರಿ, ಆ ತಿಂಗಳು ಅವರಿಗೆಂದು ಒಂದು ಸಾಲು ಬರೆಯೋಣ.